ಬೋಟ್ ಬಿಡೋಕೂ ನೀರಿನ ಹಕ್ಕು! ಕೊಲರಾಡೋದಲ್ಲಿ ಅದನ್ನ ಅಳೆಯೋದು ಹೀಗೆ

ಗಣೇಶಗುಡಿ ಕಡೆ ಅಂಗಡಿ, ಹೋಂಸ್ಟೇ ಇಟ್ಟವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸೂಪಾದಿಂದ ನೀರು ಬಿಟ್ಟರೆ ರಾಫ್ಟಿಂಗ್, ಬಿಡದಿದ್ದರೆ ಬೋಟು ದಡದಲ್ಲೇ. ನೀರು ಬಿಡೋದು ಕರೆಂಟಿನ ಲೆಕ್ಕದಲ್ಲಿ, ಪ್ರವಾಸಿಗರ ಲೆಕ್ಕದಲ್ಲಲ್ಲ. ಹಾಗಾದ್ರೆ ಬೋಟಿಂಗ್‌ಗೆ ಅಂತಲೇ ನದಿ ನೀರಿನ ಮೇಲೆ ಹಕ್ಕು ಕೇಳೋಕಾಗುತ್ತಾ? ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಕೇಳಿದ್ದಾರೆ, ಕೋರ್ಟಿಗೆ ಹೋಗಿ ಪಡೆದೂ ಇದ್ದಾರೆ.

ಅಲ್ಲಿನ ನೀರಿನ ಕಾನೂನು ಸರಳ: ಮೊದಲು ಬಂದವನಿಗೆ ಮೊದಲ ಪಾಲು. ಆದರೆ ಹಕ್ಕು ಬೇಕಂದ್ರೆ ಸಾಮಾನ್ಯವಾಗಿ ನೀರನ್ನ ಕಾಲುವೆಗೋ ಪೈಪಿಗೋ ತಿರುಗಿಸಬೇಕು, ಇಲ್ಲಾ ಕಟ್ಟಿ ನಿಲ್ಲಿಸಬೇಕು. ಬೋಟ್ ಬಿಡೋನು ಏನನ್ನ ತಿರುಗಿಸ್ತಾನೆ? 1992ರಲ್ಲಿ ಫೋರ್ಟ್ ಕಾಲಿನ್ಸ್ ಊರಿನ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟು ದಾರಿ ತೋರಿಸಿತು. ನದಿಯೊಳಗೇ ಕಟ್ಟಿದ ರಚನೆ ನೀರನ್ನ ಹಿಡಿತಕ್ಕೆ ತಂದರೆ ಅದೂ ಆಗುತ್ತೆ ಅಂತ. 2001ರಲ್ಲಿ ಇದಕ್ಕೇ ಕಾನೂನು ಬಂತು. ಅರ್ಜಿ ಹಾಕೋಕೆ ನಗರಸಭೆ, ಕೌಂಟಿ, ನೀರಿನ ಜಿಲ್ಲಾ ಸಂಸ್ಥೆಗಳಿಗೆ ಮಾತ್ರ ಅವಕಾಶ. ರಾಫ್ಟಿಂಗ್ ಕಂಪನಿಯವರು ಹಾಕೋ ಹಾಗಿಲ್ಲ.

ಹಾಗಾಗಿ ಇಡೀ ಹಕ್ಕು ನಿಂತಿರೋದು ಆ ಕಲ್ಲಿನ ರಚನೆ ಮೇಲೆ. ದೊಡ್ಡ ಬಂಡೆಗಳನ್ನ ಎರಡೂ ಕಡೆಯಿಂದ ತಂದು ನಡುವೆ ತಗ್ಗು ಬಿಡ್ತಾರೆ. ನೀರು ಆ ತಗ್ಗಿಗೆ ಕೂಡಿ ವೇಗವಾಗಿ ಜಾರುತ್ತೆ, ಕೆಳಗಿನ ನಿಧಾನದ ನೀರಿಗೆ ಬಡಿದು ಅಲ್ಲೇ ಅಲೆ ನಿಲ್ಲುತ್ತೆ. ಇಂಜಿನಿಯರುಗಳು ನೋಡೋದು ಏನಂದ್ರೆ, ಎಷ್ಟು ಕ್ಯೂಸೆಕ್‌ಗೆ ಅಲೆ ಹುಟ್ಟುತ್ತೆ, ಎಷ್ಟಕ್ಕೆ ನೀರು ಬಂಡೆ ಮೇಲಿಂದ ಅಡ್ಡಾದಿಡ್ಡಿ ಹರಿದು ರಚನೆಯೇ ಕೆಲಸಕ್ಕೆ ಬಾರದ ಹಾಗಾಗುತ್ತೆ. ತಗ್ಗು ಕಿರಿದಾಗಿದ್ರೆ ಕಡಿಮೆ ನೀರಲ್ಲೂ ಅಲೆ ಬರುತ್ತೆ. ಅಗಲ ಮಾಡಿ, ಆಮೇಲೆ ಜಾಸ್ತಿ ನೀರು ಕೊಡಿ ಅಂದ್ರೆ ಎದುರು ಪಕ್ಷದ ವಕೀಲ ಸುಮ್ಮನಿರ್ತಾನಾ? ಬಿದ್ದವನನ್ನ ಸುಳಿ ಒಳಗೇ ತಿರುಗಿಸಿ ಹಿಡಿದಿಟ್ಟುಕೊಳ್ಳಬಾರದು, ಮೀನಿಗೆ ಮೇಲೆ ಹತ್ತೋಕೆ ದಾರಿ ಇರಬೇಕು. ಅದನ್ನೂ ನೋಡಬೇಕಾಗುತ್ತೆ.

ಜಗಳ ಆಗೋದು ಅಂಕಿಯಲ್ಲಿ. ಗೋಲ್ಡನ್ ಅನ್ನೋ ಊರು ಕ್ಲಿಯರ್ ಕ್ರೀಕ್ ಹೊಳೆಯಲ್ಲಿ 1000 ಕ್ಯೂಸೆಕ್‌ವರೆಗೆ ಕೇಳಿತು. ಅಂದ್ರೆ ಸೆಕೆಂಡಿಗೆ ಸುಮಾರು 28,300 ಲೀಟರ್, 5000 ಲೀಟರಿನ ಟ್ಯಾಂಕರ್ ಐದಕ್ಕೂ ಹೆಚ್ಚು! ರಾಜ್ಯ ಸರ್ಕಾರವೇ ವಿರೋಧಿಸಿತು. 2003ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 3-3 ಆಗಿ ಸಮ ಬಿದ್ದರು, ಕೆಳಗಿನ ಕೋರ್ಟಿನ ಆದೇಶ ಹಾಗೇ ಉಳಿದು ಊರಿನವರು ಗೆದ್ದರು. ಗನ್ನಿಸನ್‌ನಲ್ಲಿ 270ರಿಂದ 1500 ಕ್ಯೂಸೆಕ್ ಕೇಳಿದ್ರೆ ರಾಜ್ಯದ ನೀರಿನ ಮಂಡಳಿ 250 ಸಾಕು ಅಂತು. ಎಷ್ಟು ದೊಡ್ಡ ಅಲೆ ಬೇಕು ಅನ್ನೋದು ಮಂಡಳಿ ತೀರ್ಮಾನಿಸೋ ವಿಷಯ ಅಲ್ಲ, ಅರ್ಜಿದಾರರು ಏನು ಮಾಡೋಕೆ ಹೊರಟಿದ್ದಾರೆ ಅಂತ ನೋಡಿ ಅಂತ 2005ರಲ್ಲಿ ಕೋರ್ಟು ಹೇಳಿತು. ಆದರೆ ಸಮಂಜಸವಾದ ಮನರಂಜನೆಗೆ ಬೇಕಾದ ಕನಿಷ್ಠ ಹರಿವು ಮಾತ್ರ ಅನ್ನೋ ಮಿತಿ ಕಾನೂನಿನಲ್ಲೇ ಇದೆ. ಈ 'ಸಮಂಜಸ' ಅನ್ನೋ ಪದವನ್ನ ಎರಡೂ ಕಡೆಯವರು ಬೇಕಾದ ಹಾಗೆ ಎಳೀಬಹುದು ಅಂತ ನನಗನಿಸುತ್ತೆ.

2006ರಲ್ಲಿ ಕಾನೂನು ಇನ್ನೂ ಬಿಗಿಯಾಯ್ತು. ಮೋಟಾರು ಇಲ್ಲದ ಬೋಟಿಗೆ ಮಾತ್ರ ಈ ಹಕ್ಕು. ನದಿ ಬತ್ತಿದಾಗ ಮೇಲಿನವರನ್ನ ತಡೆದರೂ ಕೋರ್ಟು ಕೊಟ್ಟ ಹರಿವಿನ 85 ಶೇಕಡಾದಷ್ಟು ನೀರು ಬರಲ್ಲ ಅಂತಾದ್ರೆ ತಡೆಯೋ ಹಾಗೇ ಇಲ್ಲ.

ಇದರಿಂದ ಕೆಳಗಿನ ರೈತನಿಗೆ ನಷ್ಟ ಇಲ್ಲ. ಬೋಟು ನೀರು ಕುಡಿಯಲ್ಲವಲ್ಲ, ಪೂರ್ತಿ ಮುಂದೆ ಹೋಗುತ್ತೆ. ಪೆಟ್ಟು ಬೀಳೋದು ಮೇಲ್ಭಾಗದಲ್ಲಿ ಮುಂದೆ ಹೊಸದಾಗಿ ನೀರು ತೆಗೀಬೇಕು ಅನ್ನೋರಿಗೆ. ನಮ್ಮೋರು ಗಮನಿಸಬೇಕಾದ್ದು ಇನ್ನೊಂದಿದೆ. ಮೇಲೆ ಮೊದಲೇ ಅಣೆಕಟ್ಟು ಇದ್ದರೆ ಅದರ ಹಕ್ಕು ಹಳೇದು. ಅದು ಕಾನೂನು ಪ್ರಕಾರ ಹಿಡಿದಿಟ್ಟ ನೀರನ್ನ ಬಿಡಿ ಅಂತ ಬೋಟಿನ ಹಕ್ಕಿನವರು ಕೊಲರಾಡೋದಲ್ಲೂ ಕೇಳೋ ಹಾಗಿಲ್ಲ.