ಮಕ್ಕಳ ಉಬ್ಬಸವೂ ಬೆಂಗಳೂರಿನ ಗಾಳಿಯೂ

ಬೆಂಗಳೂರಿನ ಹವೆಯನ್ನು ಹೊಗಳುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ಹೊಗಳಿಕೆಗೆ ಕುಂದು ತರುವ ಅಂಕಿಗಳನ್ನು ಈ ನಗರದ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು ಪ್ರಕಟಿಸಿದ್ದಾರೆ. ಅವರು ಪರೀಕ್ಷಿಸಿದ ಮಕ್ಕಳಲ್ಲಿ 1979ರಲ್ಲಿ ನೂರಕ್ಕೆ 9 ಮಂದಿಗೆ ಉಬ್ಬಸವಿದ್ದಿತು. 1989ರಲ್ಲಿ ಅದು 18.5 ಆಯಿತು, 1999ರಲ್ಲಿ 29.5ಕ್ಕೆ ಏರಿತು. ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಊರಿಗೆಲ್ಲ ಸಲ್ಲದೆಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪಣೆ ನ್ಯಾಯವಾದುದೇ. ಆದರೆ ಶಾಲಾಮಕ್ಕಳ ಲೆಕ್ಕವೂ ಉಂಟು. ವಾಹನಸಂಚಾರ ವಿರಳವಾದ ಕಡೆಯ ಶಾಲೆಗಳಲ್ಲಿ ನೂರಕ್ಕೆ ಸುಮಾರು 11, ದಟ್ಟವಾದ ಕಡೆ 19, ದಟ್ಟಣೆಯೊಡನೆ ಬಡತನವೂ ಕೂಡಿದಲ್ಲಿ 31 ಮಕ್ಕಳು ಈ ರೋಗಕ್ಕೆ ಗುರಿಯಾಗಿದ್ದರು. ಊರು ಒಂದೇ, ಚಳಿಗಾಲವೂ ಒಂದೇ. ಬೀದಿ ಮಾತ್ರ ಬೇರೆ.

ಮಗುವಿಗೆ ಏದುಸಿರು ಬಂದರೆ ನಮ್ಮ ಮನೆಗಳಲ್ಲಿ ಮೊದಲು ಮೊಸರನ್ನೂ ಬಾಳೆಹಣ್ಣನ್ನೂ ನಿಲ್ಲಿಸುತ್ತಾರೆ. ಅಜ್ಜನಿಗಿದ್ದುದು ಮೊಮ್ಮಗನಿಗೂ ಬಂತೆಂದು ನಿಟ್ಟುಸಿರಿಡುತ್ತಾರೆ. ವಂಶಪಾರಂಪರ್ಯಕ್ಕೆ ಇದರಲ್ಲಿ ಪಾಲುಂಟೆಂಬುದು ದಿಟ. ಆದರೆ ಇಪ್ಪತ್ತು ವರ್ಷಗಳಲ್ಲಿ ವಂಶವು ಬದಲಾಗುವುದಿಲ್ಲ, ಗಾಳಿ ಬದಲಾಗುತ್ತದೆ. ಹೊಗೆಯ ಸೂಕ್ಷ್ಮಕಣಗಳು ತಗುಲಿದಾಗ ಶ್ವಾಸನಾಳದ ಒಳಪೊರೆಯು ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬಿ ದಾರಿ ಕಿರಿದಾಗುತ್ತದೆ. ಮಗುವಿನ ನಾಳವು ಮೊದಲೇ ಕಿರಿದು. ಮೈತೂಕದ ಪ್ರಮಾಣಕ್ಕೆ ಅದು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಸೇವಿಸುತ್ತದೆ. ಸಾಲದುದಕ್ಕೆ, ಅದರ ಮೂಗು ಇರುವುದು ವಾಹನದ ಹೊಗೆಕೊಳವೆಗೆ ಸಮೀಪವಾದ ಎತ್ತರದಲ್ಲಿ.

ಮನೆಯೂ ನಿರಪರಾಧಿಯಲ್ಲ. ಸೊಳ್ಳೆಬತ್ತಿ ಹಚ್ಚಿ, ಕಿಟಕಿಗಳನ್ನು ಮುಚ್ಚಿ, ಪಕ್ಕದಲ್ಲೇ ಸಿಗರೇಟು ಸೇದುವ ತಂದೆಯು ಪಾಲಿಕೆಯನ್ನು ದೂರುವ ಹಕ್ಕನ್ನು ಅರ್ಧ ಕಳೆದುಕೊಂಡಂತೆಯೇ. ತೇವದ ಗೋಡೆಯ ಬೂಷ್ಟೂ ಜಿರಲೆಯೂ ಇದೇ ಕೆಲಸವನ್ನು ಮಾಡುತ್ತವೆ.

ಉಳಿದರ್ಧವು ಸರ್ಕಾರದ ಹೊಣೆ. ವಾಯುಮಾಲಿನ್ಯದ ಕಾಯಿದೆ ಬಂದುದು 1981ರಲ್ಲಿ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳಿಗೆ ನಮ್ಮವರು 2009ರಲ್ಲಿ ವಿಧಿಸಿದ ವಾರ್ಷಿಕ ಮಿತಿಯು ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದುದು 5. ಭಾರತದ ಮಗುವಿನ ಪುಪ್ಪುಸವು ಎಂಟು ಪಾಲು ಗಟ್ಟಿಯೆಂದು ಯಾವ ವೈದ್ಯರೂ ಹೇಳಿದುದನ್ನು ನಾವು ಕೇಳಿಲ್ಲ.

ಮಿತಿಯನ್ನು ತಿದ್ದುವುದಕ್ಕೆ ದಿಲ್ಲಿಗೆ ಕಾಲ ಬೇಕಾದೀತು. ಅಲ್ಲಿಯವರೆಗೆ, ಶಾಲೆಯ ಬಾಗಿಲಲ್ಲಿ ಎಂಜಿನ್ ನಿಲ್ಲಿಸದೆ ಸಾಲುಗಟ್ಟುವ ಬಸ್ಸು ಕಾರುಗಳನ್ನು ಪೊಲೀಸರು ತಡೆಯಲಿ; ಹೊಸ ಶಾಲೆಗೆ ಅನುಮತಿ ಕೊಡುವ ಅಧಿಕಾರಿಗಳು ಕಟ್ಟಡದ ನಕ್ಷೆಯೊಡನೆ ಮುಂದಿನ ರಸ್ತೆಯ ವಾಹನಗಳ ಎಣಿಕೆಯನ್ನೂ ಕೇಳಿ ತರಿಸಿಕೊಳ್ಳಲಿ.