ನೀಸ್: ಅತಿಥಿಗಳನ್ನು ನಂಬಿ ಬೆಳೆದ ಕಡಲತೀರದ ಊರು

ಕೆಲವು ಊರುಗಳು ಬಂದರಿನಿಂದ ಬೆಳೆಯುತ್ತವೆ. ಕೆಲವು ಗಿರಣಿಗಳಿಂದ, ಮತ್ತೆ ಕೆಲವು ದೇವಸ್ಥಾನಗಳಿಂದ. ಬಂದವರಿಗೆ ಇರಲು ಕೊಠಡಿ, ಉಣ್ಣಲು ಊಟ ಒದಗಿಸುವ ಉದ್ಯೋಗವನ್ನೇ ನೆಚ್ಚಿ ಇನ್ನೂರು ವರ್ಷ ಬೆಳೆದ ಊರುಗಳು ಮಾತ್ರ ವಿರಳ. ಫ್ರಾನ್ಸ್ ದೇಶದ ಆಗ್ನೇಯ ಮೂಲೆಯಲ್ಲಿ, ಇಟಲಿಯ ಗಡಿಗೆ ಸಮೀಪವಾಗಿ, ಭೂಮಧ್ಯ ಸಮುದ್ರದ ದಡದಲ್ಲಿರುವ ನೀಸ್ ಅಂಥದೊಂದು ನಗರ. ಅದರ ನೀಲ ಸಮುದ್ರವನ್ನೂ ತಾಳೆಮರಗಳ ಸಾಲನ್ನೂ ವರ್ಣಿಸಿದವರು ಬಹಳ ಮಂದಿ. ಆದರೆ ಹೋಟೆಲು ನಡೆಸಿ ತರುವಾಯ ಲೇಖನಿ ಹಿಡಿದವನ ಕಣ್ಣು ಸಮುದ್ರಕ್ಕಿಂತ ಮೊದಲು ಅಡುಗೆಮನೆಯ ಹಿಂಬಾಗಿಲನ್ನೇ ಹುಡುಕುವುದು ಸಹಜ. ಆದುದರಿಂದ ಈ ಊರಿನ ಕಥೆಯನ್ನು ಆ ಬಾಗಿಲಿನಿಂದಲೇ ವಾಚಕರಿಗೆ ಹೇಳುತ್ತೇವೆ.

ಮೊದಲು ಇಲ್ಲಿಗೆ ಬಂದವರು ವಿಲಾಸಿಗಳಲ್ಲ, ರೋಗಿಗಳು. ಇಂಗ್ಲೆಂಡಿನ ಮಂಜು ಚಳಿಗಳಿಂದ ಎದೆ ಕೆಟ್ಟವರು ನೀಸಿನ ಚಳಿಗಾಲದ ಎಳೆಬಿಸಿಲನ್ನು ಅರಸಿ ಬಂದರು. ಟೋಬಿಯಾಸ್ ಸ್ಮಾಲೆಟ್ ಎಂಬ ಲೇಖಕ ೧೭೬೩ರಲ್ಲಿ ಇಲ್ಲಿಗೆ ಬಂದು ನೆಲಸಿ, ಸಮುದ್ರದಲ್ಲಿ ಸ್ನಾನಮಾಡಿದಾಗ ಊರಿನ ಜನ ಬೆರಗಾದರಂತೆ. ಅವನ ಪ್ರವಾಸಗ್ರಂಥ ೧೭೬೬ರಲ್ಲಿ ಪ್ರಕಟವಾಯಿತು. ಅದನ್ನೋದಿದ ಆಂಗ್ಲ ಶ್ರೀಮಂತರು ಒಬ್ಬರ ಹಿಂದೊಬ್ಬರು ಬರತೊಡಗಿದರು. ಆಗ ಬೇಸಗೆಯೆಂದರೆ ಇಲ್ಲಿ ನಿರ್ಜನ ಕಾಲ. ಅತಿಥಿಗಳು ಬರುತ್ತಿದ್ದುದು ಚಳಿಗಾಲಕ್ಕೆ. ಸೆಕೆ ಶುರುವಾದೊಡನೆ ಹೋಟೆಲುಗಳಿಗೆ ಬೀಗ, ಕೆಲಸಗಾರರಿಗೆ ಬಿಡುಗಡೆ.

ಇಂದು ನೀಸಿಗೆ ಹೋದವರೆಲ್ಲ ನಡೆದಾಡುವ ಕಡಲಂಚಿನ ಹೆದ್ದಾರಿಗೆ 'ಪ್ರೊಮೆನಾದ್ ದೆಸ್ ಆಂಗ್ಲೇ', ಅಂದರೆ ಆಂಗ್ಲರ ವಿಹಾರಮಾರ್ಗ ಎಂದು ಹೆಸರು. ಸುಮಾರು ಏಳು ಕಿಲೋಮೀಟರು ಉದ್ದದ ಈ ದಾರಿ ಹುಟ್ಟಿದ್ದು ಹಸಿವಿನಿಂದ. ೧೮೨೦ರ ದಶಕದ ಆರಂಭದಲ್ಲಿ ಬಿದ್ದ ಕಠಿಣ ಹಿಮಕ್ಕೆ ಕಿತ್ತಳೆ ತೋಟಗಳು ಸುಟ್ಟುಹೋದವು. ಅವನ್ನು ನಂಬಿದ್ದ ಕೂಲಿಗಳು ಬೀದಿಗೆ ಬಿದ್ದು ಬೇಡತೊಡಗಿದರು. ಲೂಯಿಸ್ ವೇ ಎಂಬ ಪಾದ್ರಿಯು ಆಂಗ್ಲ ಅತಿಥಿಗಳಲ್ಲಿ ಚಂದಾ ಎತ್ತಿದನು. ಆದರೆ ಹಣವನ್ನು ಭಿಕ್ಷೆಯಾಗಿ ಹಂಚದೆ, ಕಡಲ ದಂಡೆಯಲ್ಲಿ ಒಂದು ಕಾಲುದಾರಿ ಕಟ್ಟುವ ಕೆಲಸ ಹಚ್ಚಿ ಕೂಲಿಯಾಗಿ ಕೊಟ್ಟನು. ಮೊದಲಿಗೆ ಅದರ ಅಗಲ ಎರಡೇ ಮೀಟರು. ಹೆಸರು ಹಣ ಕೊಟ್ಟವರದಾಯಿತು. ಕಲ್ಲು ಹೊತ್ತವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಆದರೂ ಕೈಚಾಚಿದವನ ಕೈಗೆ ಗುದ್ದಲಿ ಕೊಟ್ಟು ಮಾನ ಉಳಿಸಿದ ಆ ಯೋಜನೆಯನ್ನು ಮೆಚ್ಚಲೇಬೇಕು.

೧೮೬೦ರಲ್ಲಿ ನೀಸ್ ಸಾರ್ಡಿನಿಯಾ ರಾಜ್ಯದಿಂದ ಫ್ರಾನ್ಸಿಗೆ ಸೇರಿತು. ೧೮೬೪ರಲ್ಲಿ ರೈಲು ಬಂದಿತು. ಅಲ್ಲಿಂದ ಮುಂದೆ ಯುರೋಪಿನ ರಾಜ ಮಹಾರಾಜರಿಗೆಲ್ಲ ಇದೇ ಚಳಿಗಾಲದ ಬಿಡಾರ. ವಿಕ್ಟೋರಿಯಾ ರಾಣಿಯು ೧೮೯೫ರಿಂದ ೧೮೯೯ರವರೆಗೆ ಊರಿನ ಮೇಲಿನ ಸಿಮಿಯೇ ಗುಡ್ಡದ ಹೋಟೆಲುಗಳಲ್ಲಿ ಇಳಿಯುತ್ತಿದ್ದಳು. ಅವಳ ಪರಿವಾರದಲ್ಲಿ ನಮ್ಮ ದೇಶದವನೊಬ್ಬನಿದ್ದನೆಂಬುದು ಗಮನಾರ್ಹ. ಆಗ್ರಾದ ಸೆರೆಮನೆಯಲ್ಲಿ ಗುಮಾಸ್ತನಾಗಿದ್ದ ಅಬ್ದುಲ್ ಕರೀಮ್ ೧೮೮೭ರಲ್ಲಿ ಊಟದ ಮೇಜಿನ ಪರಿಚಾರಕನಾಗಿ ಇಂಗ್ಲೆಂಡಿಗೆ ಹೋಗಿ, ರಾಣಿಗೆ ಹಿಂದುಸ್ತಾನಿ ಕಲಿಸುವ ಮುನ್ಷಿಯಾದನು. ೧೮೯೭ರಲ್ಲಿ ಅವನನ್ನು ನೀಸಿಗೆ ಕರೆತಂದರೆ ರಾಜೀನಾಮೆ ಕೊಡುವೆವೆಂದು ಅರಮನೆಯ ದೊಡ್ಡವರು ಬೆದರಿಸಿದರು. ತಟ್ಟೆ ಹಿಡಿದವನು ತಮ್ಮ ಪಂಕ್ತಿಯಲ್ಲಿ ಕೂಡುವುದನ್ನು ಸಹಿಸುವುದು ಅವರಿಗೆ ಕಷ್ಟವಾಯಿತು. ರಾಣಿ ಮಣಿಯಲಿಲ್ಲ, ಮುನ್ಷಿ ಬಂದನು. ಆದರೆ ೧೯೦೧ರಲ್ಲಿ ರಾಣಿ ತೀರಿಕೊಂಡೊಡನೆ ಅವನ ಬಳಿಯಿದ್ದ ಪತ್ರಗಳನ್ನು ಸುಡಿಸಿ ಅವನನ್ನು ಆಗ್ರಾಕ್ಕೆ ಹಿಂದಟ್ಟಿದರು. ಯಜಮಾನರ ಪ್ರೀತಿ ದೊಡ್ಡದೇ ಹೌದು. ಆದರೆ ಅದಕ್ಕೆ ಅವರ ಆಯುಷ್ಯದಷ್ಟೇ ಆಯುಷ್ಯ.

ವಿಹಾರಮಾರ್ಗದ ಮೇಲೆ ಗುಲಾಬಿ ಬಣ್ಣದ ಗುಮ್ಮಟವುಳ್ಳ ಒಂದು ಭವ್ಯ ಸೌಧ ನಿಂತಿದೆ. ಅದೇ ನೆಗ್ರೆಸ್ಕೊ ಹೋಟೆಲು. ನಮ್ಮ ಮಾಣಿಗಳೂ ಸಪ್ಲಾಯರುಗಳೂ ಓದಬೇಕಾದ ಚರಿತ್ರೆ ಇದರದು. ಆಂರಿ ನೆಗ್ರೆಸ್ಕೊ ರುಮೇನಿಯಾದ ಬುಖಾರೆಸ್ಟಿನಲ್ಲಿ ಒಬ್ಬ ಛತ್ರದವನ ಮಗ. ಎಳೆಯನಾಗಿರುವಾಗಲೇ ಮನೆಬಿಟ್ಟು, ಊರೂರು ಅಲೆದು, ಪರಿಚಾರಕನಾಗಿ ದುಡಿದು, ಮೇಲ್ವಿಚಾರಕನಾಗಿ ಏರಿ, ಕೊನೆಗೆ ನೀಸಿನ ಪುರಸಭೆಯ ಕ್ಯಾಸಿನೋವನ್ನೇ ನಡೆಸುವ ಮಟ್ಟಕ್ಕೆ ಬಂದನು. ಮೋಟಾರು ಕಾರಿನ ಉದ್ಯಮಿ ದರ್ರಾಕ್ ಎಂಬವನು ಬಂಡವಾಳ ಹೂಡಲು ಒಪ್ಪಿದನು. ೧೯೧೩ರ ಜನವರಿಯಲ್ಲಿ ಹೋಟೆಲಿನ ಬಾಗಿಲು ತೆರೆಯಿತು. ಮರುವರ್ಷವೇ ಮಹಾಯುದ್ಧ! ಅತಿಥಿಗಳು ಬರಬೇಕಾದ ಕೊಠಡಿಗಳಿಗೆ ಗಾಯಗೊಂಡ ಸೈನಿಕರು ಬಂದರು, ಹೋಟೆಲು ಆಸ್ಪತ್ರೆಯಾಯಿತು. ಯುದ್ಧ ಮುಗಿಯುವಷ್ಟರಲ್ಲಿ ಯಜಮಾನ ದಿವಾಳಿಯಾಗಿದ್ದನು. ೧೯೨೦ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು. ಅತಿಥಿಯನ್ನು ನಂಬಿದ ಉದ್ಯೋಗಕ್ಕೆ ಶ್ರಮ ಸಾಲದು, ಕಾಲವೂ ಕೂಡಿಬರಬೇಕು.

ಕಾಲ ಕ್ರಮೇಣ ಬದಲಾಯಿತು. ಹಳೆಯ ದೊರೆಗಳು ಯುದ್ಧದಲ್ಲಿ ಅಳಿದುಹೋದರು. ಬಿಸಿಲಿಗೆ ಮೈಯೊಡ್ಡುವ ಹೊಸ ರೂಢಿ ಬಂದು, ಬೇಸಗೆಯೇ ಹಂಗಾಮವಾಯಿತು. ಆದರೆ ನಿಜವಾದ ಕ್ರಾಂತಿ ನಡೆದದ್ದು ೧೯೩೬ರಲ್ಲಿ. ಆ ವರ್ಷ ಫ್ರಾನ್ಸಿನಾದ್ಯಂತ ಕೆಲಸಗಾರರು ಭಾರೀ ಮುಷ್ಕರ ಹೂಡಿದರು. ಜೂನ್ ತಿಂಗಳಲ್ಲಿ ಪ್ರಧಾನಿ ಲೆಯೋನ್ ಬ್ಲೂಮ್ ಅವರ ಸರಕಾರ ದುಡಿಯುವವರಿಗೆಲ್ಲ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆಯನ್ನು ಕಾನೂನಿನ ಮೂಲಕವೇ ಕೊಟ್ಟಿತು. ರಜೆ ಕೊಟ್ಟರೆ ಸಾಲದು, ಹೋಗಿಬರುವ ಖರ್ಚಿಗೇನು? ಅದಕ್ಕಾಗಿ ರೈಲಿನ ದರದಲ್ಲಿ ಶೇಕಡಾ ೪೦ರಷ್ಟು ರಿಯಾಯಿತಿಯ ವಿಶೇಷ ಟಿಕೆಟನ್ನೂ ಹೊರಡಿಸಿದರು. ಹುಟ್ಟಿದಾರಭ್ಯ ಸಮುದ್ರವನ್ನೇ ಕಾಣದ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಕಡಲತೀರಗಳಿಗೆ ಬಂದವು. ೧೯೮೨ರಿಂದ ಅಲ್ಲಿಯ ಸಂಬಳಸಹಿತ ರಜೆ ಐದು ವಾರ. ರಾಜರು ನಡೆದ ದಾರಿಯಲ್ಲಿ ಈಗ ಕಾರ್ಖಾನೆಯವನೂ ಗುಮಾಸ್ತನೂ ನಡೆಯುತ್ತಾರೆ.

ಈಗ ಹೋಗುವವರಿಗೆ ನಾಲ್ಕು ಮಾತು. ನೀಸಿನ ದಂಡೆಯಲ್ಲಿ ನಮ್ಮ ಮಲ್ಪೆಯ ಮರಳನ್ನು ನಿರೀಕ್ಷಿಸಬಾರದು. ಅಲ್ಲಿರುವುದು ನುಣುಪಾದ ಉರುಟು ಕಲ್ಲುಗಳು, ಬರಿಗಾಲಿಗೆ ನೋವು ತಪ್ಪದು. ಕೆಲವು ಭಾಗಗಳಲ್ಲಿ ಒರಗುಕುರ್ಚಿಗೆ ಬಾಡಿಗೆ ತೆರಬೇಕು. ಉಳಿದ ದಂಡೆ ಎಲ್ಲರಿಗೂ ಮುಕ್ತ. ಹಳೆಯ ಪೇಟೆಯಲ್ಲಿ ಕೂರ್ ಸಲೇಯಾ ಎಂಬ ಹೂವು ತರಕಾರಿಗಳ ಮಾರುಕಟ್ಟೆಯಿದೆ. ಅಲ್ಲಿ ಸಸ್ಯಾಹಾರಿಯು ಸಂಕೋಚವಿಲ್ಲದೆ ತಿನ್ನಬಹುದಾದ ಪದಾರ್ಥ 'ಸೊಕ್ಕಾ'. ಕಡಲೆಹಿಟ್ಟನ್ನು ನೀರು, ಉಪ್ಪು, ಆಲಿವ್ ಎಣ್ಣೆಗಳಲ್ಲಿ ಕಲಸಿ, ದೊಡ್ಡ ತಾಮ್ರದ ಹರಿವಾಣದಲ್ಲಿ ತೆಳ್ಳಗೆ ಹೊಯ್ದು, ಸೌದೆಯ ಒಲೆಯಲ್ಲಿ ಬೇಯಿಸಿ, ತುಂಡರಿಸಿ ಮೆಣಸಿನಪುಡಿ ಉದುರಿಸಿ ಕೊಡುತ್ತಾರೆ. ಬಿಸಿಯಿರುವಾಗಲೇ ಕೈಯಿಂದ ತಿನ್ನಬೇಕು. ದೋಸೆಯ ದೂರದ ನೆಂಟನೆನ್ನಲು ಅಡ್ಡಿಯಿಲ್ಲ. ಇದೂ ಹಿಂದೆ ಕೂಲಿಕಾರರ ಬೆಳಗಿನ ತಿಂಡಿಯೇ ಆಗಿತ್ತು. ಪ್ರತಿದಿನ ಸರಿಯಾಗಿ ಮಧ್ಯಾಹ್ನ ೧೨ಕ್ಕೆ ಕೋಟೆಗುಡ್ಡದಿಂದ ಒಂದು ಗುಂಡಿನ ಸದ್ದು ಕೇಳಿಸುತ್ತದೆ, ಗಾಬರಿ ಬೇಡ. ಹರಟೆಯಲ್ಲಿ ಹೊತ್ತು ಮರೆಯುತ್ತಿದ್ದ ಹೆಂಡತಿಯನ್ನು ಊಟದ ಹೊತ್ತಿಗೆ ಮನೆಗೆ ಕರೆಯಲು ೧೯ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಗೃಹಸ್ಥನೊಬ್ಬ ಹಾಕಿಕೊಟ್ಟ ಪದ್ಧತಿ ಇದೆಂದು ಊರಿನವರು ನಗುತ್ತ ಹೇಳುತ್ತಾರೆ.

ಊರು ನೋವನ್ನೂ ಕಂಡಿದೆ. ೨೦೧೬ರ ಜುಲೈ ೧೪ರ ಹಬ್ಬದ ರಾತ್ರಿ ಇದೇ ವಿಹಾರಮಾರ್ಗದಲ್ಲಿ ಒಬ್ಬ ದುರಾತ್ಮನು ಜನರ ಮೇಲೆ ಲಾರಿ ಹರಿಸಿದಾಗ ೮೬ ಮಂದಿ ಪ್ರಾಣ ಕಳೆದುಕೊಂಡರು. ಆದರೂ ದಾರಿಯಲ್ಲಿ ಜನ ಮತ್ತೆ ನಡೆದರು. ೨೦೨೧ರಲ್ಲಿ ಯುನೆಸ್ಕೊ ನೀಸನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಚಳಿಗಾಲದ ಅತಿಥಿಗಳಿಗಾಗಿ ಬೆಳೆದ ನಗರವೆಂಬುದೇ ಅದಕ್ಕೆ ದೊರೆತ ಮನ್ನಣೆ.

ನೆಗ್ರೆಸ್ಕೊ ಹೋಟೆಲಿನ ಕಥೆಗೆ ಒಂದು ಉತ್ತರಾರ್ಧವಿದೆ. ೧೯೫೭ರಲ್ಲಿ ಅದನ್ನು ಕೊಂಡ ಕುಟುಂಬದ ಜಾನ್ ಓಜಿಯೇ ಎಂಬ ಮಹಿಳೆ ಅರ್ಧ ಶತಮಾನಕ್ಕೂ ಮೀರಿ ಅದನ್ನು ನಡೆಸಿದಳು. ಮಕ್ಕಳಿರಲಿಲ್ಲ. ತನ್ನ ತರುವಾಯ ಹೋಟೆಲು ಯಾರ ಪಾಲಿಗೂ ಹೋಗದಂತೆ, ಕೆಲಸಗಾರರ ಉದ್ಯೋಗ ಉಳಿಯುವಂತೆ, ದೀನರಿಗೂ ಮೂಕಪ್ರಾಣಿಗಳಿಗೂ ನೆರವಾಗುವಂತೆ ೨೦೦೯ರಲ್ಲಿ ಒಂದು ನಿಧಿಯನ್ನು ಏರ್ಪಡಿಸಿ, ೨೦೧೯ರ ಜನವರಿಯಲ್ಲಿ ಕಣ್ಮುಚ್ಚಿದಳು.

ನಮ್ಮ ವಾಚಕರಲ್ಲಿ ನೀಸಿಗೆ ಹೋಗುವವರು ಎಷ್ಟು ಮಂದಿಯೋ ಹೇಳಲಾರೆವು. ಆದರೆ ಚೌಪಾಟಿಯ ಮರಳಾಗಲಿ ಮರೀನಾದ ಗಾಳಿಯಾಗಲಿ ಕೂಗಳತೆಯಲ್ಲಿದ್ದರೂ, ಅಂಗಡಿ ಮುಚ್ಚುವ ತನಕ ಅತ್ತ ತಲೆಹಾಕದವರು ಅನೇಕರಿದ್ದಾರೆಂದು ಬಲ್ಲೆವು. ಇತರರ ಬಿಡುವಿನ ಹೊತ್ತೇ ನಮ್ಮ ದುಡಿಮೆಯ ಹೊತ್ತು. ಅದು ಈ ಉದ್ಯೋಗದ ಧರ್ಮ. ಆದರೆ ಊರಿನ ರಥೋತ್ಸವಕ್ಕೆ ಹೋಗಿಬರಲು ರಜೆ ಕೇಳುವ ಹುಡುಗನಿಗೆ ಗಲ್ಲೆಯ ಮೇಲಿನವರು ಮುಖ ಗಂಟಿಕ್ಕದೆ, ಸಂಬಳ ಹಿಡಿಯದೆ, ನಾಲ್ಕು ದಿನ ಹೆಚ್ಚಾಗಿಯೇ ಕೊಟ್ಟು ಕಳುಹಿಸಲಿ. ಬಿಡುವಿನ ಸವಿ ತಾನೇ ಬಲ್ಲವನು ಬಂದವರ ಬಿಡುವನ್ನು ಇನ್ನಷ್ಟು ಚೆನ್ನಾಗಿ ಉಪಚರಿಸುತ್ತಾನೆ.