ಐರಿಷ್ ಭಾಷೆಯ 'ಕಾಶ್' ಶಬ್ದ: ವ್ಯುತ್ಪತ್ತಿ ಮತ್ತು ವ್ಯಾಕರಣ

ಒಂದು ಜನಾಂಗದ ಭಾಷೆಯಲ್ಲಿ ಎರವಲು ಶಬ್ದವು ಕಂಡುಬಂದೊಡನೆ, ಆ ಶಬ್ದವು ಸೂಚಿಸುವ ವಸ್ತುವೂ ಹೊರಗಿನಿಂದಲೇ ಬಂದಿತೆಂದು ಊಹಿಸುವುದು ಇತಿಹಾಸಕಾರರಲ್ಲಿ ವಾಡಿಕೆಯಾಗಿದೆ. ಈ ಊಹೆಯು ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು ಐರಿಷ್ ಭಾಷೆಯಲ್ಲಿ ಚೀಸಿಗಿರುವ 'ಕಾಶ್' ಎಂಬ ಹೆಸರು ಉತ್ತಮ ನಿದರ್ಶನವಾಗಿದೆ.

ಇದರ ಪ್ರಾಚೀನ ರೂಪ 'ಕಾಶೆ'. ಮೂಲವು ಲ್ಯಾಟಿನ್ನಿನ 'ಕಾಸೆಉಸ್'. ಸಕಾರದ ಮುಂದಿದ್ದ ಎಕಾರದ ಪ್ರಭಾವದಿಂದ ಸಕಾರವು ತಾಲವ್ಯವಾಗಿ ಶಕಾರದಂತೆ ಉಚ್ಚರಿತವಾಯಿತು. ಕಾಲಕ್ರಮದಲ್ಲಿ ಕೊನೆಯ ಸ್ವರವೂ ಲೋಪವಾಯಿತು. ಸೋದರಭಾಷೆಯಾದ ಸ್ಕಾಟಿಷ್ ಗೇಲಿಕ್‌ನಲ್ಲಿ ಅದು ಇಂದಿಗೂ ಉಳಿದಿದೆ. ವೆಲ್ಷ್ ಭಾಷೆಯ 'ಕೌಸ್', ಜರ್ಮನ್ನಿನ 'ಕೇಸೆ', ಸ್ಪ್ಯಾನಿಷಿನ 'ಕೇಸೊ', ಇಂಗ್ಲಿಷಿನ 'ಚೀಸ್' ಇವೆಲ್ಲವೂ ಅದೇ ಮೂಲದವು. ಫ್ರೆಂಚಿನ 'ಫ್ರೊಮಾಜ್' ಮಾತ್ರ ಅಚ್ಚು ಎಂಬರ್ಥದ ಬೇರೊಂದು ಲ್ಯಾಟಿನ್ ಶಬ್ದದಿಂದ ಹುಟ್ಟಿತು. ಈಸ್ಟರ್ ಹಬ್ಬದ ಐರಿಷ್ ಹೆಸರಾದ 'ಕಾಶ್ಕ್' ಧ್ವನಿಯಲ್ಲಿ ಸಮೀಪವಾಗಿದ್ದರೂ ಅದರ ಮೂಲ ಬೇರೆ. ಅದು 'ಪಾಸ್ಖಾ' ಶಬ್ದದಿಂದ ಬಂದುದು. ಅತಿ ಹಳೆಯ ಎರವಲುಗಳಲ್ಲಿ ಲ್ಯಾಟಿನ್ನಿನ ಪಕಾರವು ಐರಿಷಿನಲ್ಲಿ ಕಕಾರವಾಗುತ್ತಿತ್ತು.

ವ್ಯಾಕರಣದಲ್ಲಿಯೂ ಈ ಶಬ್ದವು ಮಾರ್ಪಟ್ಟಿದೆ. ಪ್ರಾಚೀನ ಐರಿಷಿನಲ್ಲಿ ಪುಲ್ಲಿಂಗವಾಗಿದ್ದ ಇದು ಇಂದಿನ ಶಿಷ್ಟ ಭಾಷೆಯಲ್ಲಿ ಸ್ತ್ರೀಲಿಂಗ. ಷಷ್ಠೀ ಏಕವಚನ 'ಕಾಶೆ', ಬಹುವಚನ 'ಕಾಶೆನ'. ನಿರ್ದೇಶಕ ಪದ ಸೇರಿದಾಗ ಪ್ರಥಮೆಯಲ್ಲಿ ಆದಿಯ ಕಕಾರವು ಮೃದುವಾಗಿ, ಗಂಟಲಿನಿಂದ ಉಜ್ಜಿ ಹೊರಡುವ ಖಕಾರದಂತೆ 'ಅನ್ ಖಾಶ್' ಎಂದಾಗುತ್ತದೆ. ಷಷ್ಠಿಯಲ್ಲಿ 'ನ ಕಾಶೆ' ಎಂದು ಕಕಾರವೇ ಉಳಿಯುತ್ತದೆ. ಕನ್ನಡದಲ್ಲಿ 'ಮಳೆಗಾಲ' ಎಂಬಲ್ಲಿ ಕಕಾರಕ್ಕೆ ಗಕಾರವು ಆದೇಶವಾಗುವುದನ್ನು ವಾಚಕರು ಇಲ್ಲಿ ನೆನೆಯಬಹುದು. ಆದರೆ ನಮ್ಮಲ್ಲಿ ಅದು ಸಂಧಿಕಾರ್ಯ; ಐರಿಷಿನಲ್ಲಿ ಲಿಂಗವಿಭಕ್ತಿಗಳನ್ನು ಸೂಚಿಸುವ ಲಕ್ಷಣ.

ಹಾಗಾದರೆ ಐರ್ಲೆಂಡಿನವರು ಚೀಸನ್ನು ಲ್ಯಾಟಿನ್ ಬಲ್ಲವರಿಂದಲೇ ಕಲಿತರೆ? ಶಬ್ದವೊಂದರಿಂದಲೇ ಹಾಗೆ ಹೇಳಲಾಗದು. ಅವರದು ಗೋಸಂಪತ್ತನ್ನೇ ನೆಚ್ಚಿದ ಸಮಾಜ. ಹಸುವೇ ಬೆಲೆಯ ಮಾನವಾಗಿದ್ದಿತು. ಹಸುವಿಗಿರುವ 'ಬೋ' ಎಂಬ ಹೆಸರು ಸಂಸ್ಕೃತದ 'ಗೋ' ಶಬ್ದದ ಜ್ಞಾತಿ. ಹೆಪ್ಪುಗಟ್ಟಿದ ಹಾಲಿಗೆ 'ಗ್ರುಥ್', ಗಟ್ಟಿ ಚೀಸಿಗೆ 'ತನಖ್' ಎಂಬ, 'ಕಾಸೆಉಸ್'ನಿಂದ ಬಾರದ ಹೆಸರುಗಳೂ ಇದ್ದವು. ರಾಣಿ ಮೇವ್ ಕವಣೆಯಿಂದ ಎಸೆದ 'ತನಖ್' ತಗುಲಿ ಮಡಿದಳೆಂಬ ಕಥೆ ಪ್ರಾಚೀನ ಸಾಹಿತ್ಯದಲ್ಲಿದೆ.

ಆದುದರಿಂದ ಎರವಲು ಶಬ್ದವು ಸಂಪರ್ಕಕ್ಕೆ ಸಾಕ್ಷಿಯೇ ಹೊರತು ವಸ್ತುವಿನ ಜನ್ಮಪತ್ರಿಕೆಯಲ್ಲ. ಒಂದು ಹೆಸರಿನ ಜೊತೆಗಾರ ಹೆಸರುಗಳನ್ನೂ ವಿಚಾರಿಸಿದ ಬಳಿಕವೇ ಇತಿಹಾಸಕಾರನು ತೀರ್ಪು ನೀಡತಕ್ಕದ್ದು.